ಎದೆಯಲ್ಲಿ ಕಫ ಇಲ್ಲದ್ದು

ಬೋರಾ ಬಜಾರಿನ ಎರಡನೇ ಮಾಳಿಗೆ.
ಮೆಟ್ಟಿಲಿಗೆ ಕಟಕಟೆಯಿಲ್ಲ, ಹಗ್ಗ.
ಮುಸ್ತನ್ಸಿರ್ ಭಾಯಿ ಗಾಜಿನ ಮೇಲೆ ಕೆಂಪು ಮಖಮಲ್ಲು ಹಾಸಿ
ಮೂರು ಕ್ಯಾಮೆರಾ ಇಟ್ಟ,
ಹೆಣ್ಣು ನೋಡಲು ಬಂದವರ ಮುಂದೆ
ಅಕ್ಕತಂಗಿಯರನ್ನೆಲ್ಲ ಒಟ್ಟಿಗೇ ಕೂರಿಸಿದ ಹಾಗೆ.

"ಮದುವೆ ವಿಡಿಯೋದವರದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ,
ಸಿನಿಮಾದವರದ್ದಕ್ಕಿಂತ ನಾಲ್ಕು ಕೆಳಗೆ."
ಹಾಗಾದರೆ ನಮ್ಮದೇ ಜಾತಿ, ಅಂದೆ.
ಸುಹಾಸ್ ಘರತ್ ನಗಲಿಲ್ಲ.
ಅವನು ಲೆನ್ಸಿಗೆ ಬಗ್ಗಿ ಆಗಿತ್ತು.

ನಮ್ಮ ಸಿನಿಮಾ ಹನ್ನೊಂದು ನಿಮಿಷದ್ದು.
ಕಾಳಾಚೌಕಿಯ ಚಾಳು, ಬೆಳಗಿನ ಜಾವ ನಾಲ್ಕು,
ಉದ್ದಾನುದ್ದ ಪಡಸಾಲೆಗೆ ಒಂದೇ ಬಲ್ಬು,
ಅದೂ ಗಣಪತಿ ಮಂಟಪದಲ್ಲಿ ಉಳಿದದ್ದು.
ನೀರು ಬರುವ ಮುಂಚಿನ ಕಥೆ.
ಬಂದ ಮೇಲೆ ಕಥೆ ಇಲ್ಲ, ಕೊಡ ಮಾತ್ರ.

"ಬೆಳಕೆಷ್ಟು?" ಕೇಳಿದ ಭಾಯಿ,
ಜ್ವರ ಎಷ್ಟು ಅನ್ನುವ ಡಾಕ್ಟರ ದನಿಯಲ್ಲಿ.
ಹೇಳಿದೆ. ತುಟಿ ಒಳಗೆಳೆದುಕೊಂಡ.
ಅಂಗಡಿಯ ಟ್ಯೂಬ್‌ಲೈಟು ಆರಿಸಿ
ತನ್ನ ಗಡ್ಡವನ್ನೇ ಪರೀಕ್ಷೆಗೆ ಒಡ್ಡಿದ.

ಮೊದಲನೆಯದರಲ್ಲಿ ಗಡ್ಡದ ತುಂಬ ಇರುವೆ ಹರಿದವು.
ಎರಡನೆಯದರಲ್ಲಿ ಗಡ್ಡ,
ಗಡ್ಡದ ತುದಿಗೆ ಮೆಹಂದಿಯ ಕೆಂಪು,
ಹಿಂದಿನ ಕತ್ತಲು ಕತ್ತಲಾಗಿಯೇ ನಿಂತದ್ದು!
"ಆಯ್‌ಲಾ" ಅಂದ ಸುಹಾಸ, ದೇವರೆದುರು ಅಂದ ಹಾಗೆ.
ಮೂರನೆಯದು ಸುಮಾರು. ಇರುವೆ ಇದ್ದವು, ಸ್ವಲ್ಪ ಕಡಿಮೆ.
ಹಿಡಿಯ ಮೇಲೆ ವೈಟ್‌ನರಿನಲ್ಲಿ ಯಾರದೋ ಹೆಸರು: ತಾವ್ಡೆ.

ದುಡ್ಡು ಕಲ್ಯಾಣಿಯಕ್ಕನ ಚೀಟಿಯದ್ದು,
ಮೂರು ಸಾವಿರ ಬಿಟ್ಟುಕೊಟ್ಟು ಕೂಗಿ ಎತ್ತಿದ್ದು.
ಹಾಗಾಗಿ ಅವಳೂ ಬಂದಿದ್ದಳು,
ಸ್ಟೂಲಿನ ತುದಿಯಲ್ಲಿ, ಪರ್ಸಿನ ಮೇಲೆ ಎರಡೂ ಕೈ.

ಚಾಳಿನಲ್ಲಿ ಅವಳ ಕೆಲಸ
ಪೈಪಿಗೆ ಕಿವಿ ಕೊಡುವುದು.
ನೀರಿನ್ನೂ ರಸ್ತೆಯಡಿ ತೆವಳುತ್ತಿರುವಾಗಲೇ
ಕಬ್ಬಿಣ ಒಂದು ಉಸಿರು ಬಿಡುತ್ತದಂತೆ.
ನಮಗೆ ಯಾರಿಗೂ ಕೇಳಿಸಿದ್ದಿಲ್ಲ.
"ನೀರ್ ಬತ್ತ್ಂಡ್!" ಕೂಗುತ್ತಾಳೆ.
ಮೂರೂ ಮಾಳಿಗೆಯ ಮರಾಠಿಗಳಿಗೆ ಅಷ್ಟು ತುಳು ಬರುತ್ತದೆ.

"ಅದನ್ನು ಓಡಿಸು" ಅಂದಳು, ಎರಡನೆಯದು ತೋರಿಸಿ.
ಅದರ ಹೊಟ್ಟೆಗೆ ಕಿವಿಯಿಟ್ಟಳು.
"ಇದರ ಎದೆಯಲ್ಲಿ ಕಫ ಉಂಟು, ಮಗಾ."

ಟೇಪು ಸುತ್ತುವ ಮೋಟಾರು.
ಭಾಯಿ ಹೆಡ್‌ಫೋನು ಹಾಕಿ ನೋಡಿ ಒಪ್ಪಿಕೊಂಡ,
ಸಾಲ ಒಪ್ಪಿಕೊಳ್ಳುವವನ ಹಾಗೆ.
"ಬೇರೆ ಮೈಕು ತಗೊಳ್ಳಿ, ಕೋಲಿಗೆ ಕಟ್ಟಿ."
ಬೇರೆ ಮೈಕಿಗೆ ಬೇರೆ ಚೀಟಿ ಬೇಕು.

ತಾವ್ಡೆಯದಕ್ಕೆ ಕಿವಿಯಿಟ್ಟಳು. ತುಂಬ ಹೊತ್ತು.
ಮುಖದಲ್ಲಿ ಏನೂ ಆಗಲಿಲ್ಲ.
ಪರ್ಸಿನ ಜಿಪ್ಪು ಎಳೆದಳು.

ಹಾರ್ಬರ್ ಲೈನಿನಲ್ಲಿ ಸುಹಾಸ ಕಿಟಕಿಗೆ ಮುಖ ಮಾಡಿ ಕೂತ.
ಡಾಕ್‌ಯಾರ್ಡ್ ರೋಡು ದಾಟುವಾಗ ಒಮ್ಮೆ ಮಾತ್ರ,
"ಅದರಲ್ಲಿ ಕತ್ತಲೆ ಎಷ್ಟು ಚಂದ ಇತ್ತು" ಅಂದ.
ನಾನು ತೊಡೆಯ ಮೇಲಿನ ಚೀಲ ಸರಿಮಾಡಿಕೊಂಡೆ.
ಈಗಲೂ ಕೆಲವು ರಾತ್ರಿ
ಆ ಗಡ್ಡದ ಕೆಂಪು ನೆನಪಾಗುತ್ತದೆ.

ಮೊದಲ ದಿನ. ನಾಲ್ಕು ಹತ್ತು.
ಹದಿನೇಳು ಕೊಡ, ಒಂದು ಬಲ್ಬು,
ಪೈಪಿಗೆ ಅವಳ ಕಿವಿ, ಅವಳ ಕಿವಿಗೆ ಕ್ಯಾಮೆರಾ.
ಪರದೆಯಲ್ಲಿ ಇರುವೆಗಳು.
ಹೆಡ್‌ಫೋನಿನಲ್ಲಿ
ಮೇಲಿನ ಮಾಳಿಗೆಯ ಒಂದು ಆಕಳಿಕೆ,
ಕೊಡದ ಕಂಠಕ್ಕೆ ತಾಗಿದ ಬಳೆ,
ಶಿವಡಿಯ ಕಡೆಗೆ ಗೂಡ್ಸು ಗಾಡಿ,
ಅವಳು ಉಗುಳು ನುಂಗಿದ್ದು.

ಅವತ್ತು ನೀರು ಬರಲಿಲ್ಲ.
ಅರವತ್ತನೇ ನಿಮಿಷಕ್ಕೆ ಟೇಪು ಮುಗಿದು
ಟಕ್ ಅಂದಿತು.
ಕೂತಿದ್ದವರೆಲ್ಲ ಎದ್ದು ನಿಂತರು, ಕೊಡದ ಸಮೇತ.

ಕಿವಿ ತೆಗೆಯದೆಯೇ ಕಲ್ಯಾಣಿಯಕ್ಕ ಕೈ ಬೀಸಿದಳು:
"ಕೂತ್ಕೊಳ್ಳಿ, ಕೂತ್ಕೊಳ್ಳಿ.
ಅದು ನಮ್ಮ ಮಿಶಿನ್ನು."