ಇಪ್ಪತ್ತೈದು ಗ್ರಾಂ

ಬುಧವಾರದ ದೋಣಿ ತಂದದ್ದು ಮೂರು ಪೊಟ್ಟಣ:
ಎವರಿಸ್ತುವಿನ ಚೀಸು ಒಂದು ಹೋಳು,
ಬಂದರಿನ ಹೊಗೆಗೂಡಿನ ಬಂಗಡೆ ಎರಡು,
ಕೆಸರು ಇನ್ನೂ ಬಿಡದ ಕಪ್ಪೆಚಿಪ್ಪು ಒಂದು ಚೀಲ.
ದ್ವೀಪದಲ್ಲಿ ಚೀಟಿಗೂ ಬಾಯಿ ಉಂಟು.
"ಡಿಯೊಲಿಂಡಾ, ಇದು ನಿನ್ನ ಮಾವನದಲ್ಲವೇ?" ಅಂದ ದೋಣಿಯವ.
ಅಸೋರೆಸ್‌ನ ಈ ಬಂಡೆಯ ಮೇಲೆ
ನನಗೆ ಮಾವನಾಗದವರು ಯಾರು!
ಹೆಸರು ಕಿತ್ತು ಅಂಕಿ ಅಂಟಿಸಿದೆ:
ನಾನೂರ ಹನ್ನೊಂದು, ಹನ್ನೆರಡು, ಹದಿಮೂರು.

ತೂಕ ಇಪ್ಪತ್ತೈದು ಗ್ರಾಂ. ಹೆಚ್ಚಿಲ್ಲ, ಕಮ್ಮಿಯಿಲ್ಲ.
ಚೀಲಕ್ಕೆ ಸಾರು ಹೊಯ್ದು ಯಂತ್ರದ ಬಾಯಿಗೆ ಕೊಟ್ಟರೆ
ಹಲ್ಲಿಲ್ಲದ ಅಜ್ಜಿ ರೊಟ್ಟಿ ಮೆದ್ದಂತೆ
ಎರಡು ನಿಮಿಷ ಮೆಲ್ಲುತ್ತದೆ, ಲೊಚಕ್ ಲೊಚಕ್.
ಆಮೇಲೆ ಬೆಚ್ಚನೆ ಪೆಟ್ಟಿಗೆ. ಆಮೇಲೆ ಕಾಯುವುದು.
ಕಾಯುವುದೇ ನನ್ನ ಕಸುಬು,
ಉಳಿದದ್ದೆಲ್ಲ ಪಾತ್ರೆ ತೊಳೆಯುವುದು.

ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ.
ಇದು ಹಾಲೇ. ಕೇಡು ಇರುವುದೂ ಅಲ್ಲೇ.
ಕೊಳೆತದ್ದು ನಾರುತ್ತದೆ, ಹಳಸಿದ್ದು ನಾಲಗೆಗೆ ಹೇಳುತ್ತದೆ;
ಲಿಸ್ಟೀರಿಯಾ ಏನೂ ಹೇಳುವುದಿಲ್ಲ.
ತಂಪು ಅದಕ್ಕೆ ತವರು.
ಫ್ರಿಜ್ಜಿನ ಬಾಗಿಲು ಹಾಕಿ ನಾವು ಮಲಗಿದ ಮೇಲೆ
ಕತ್ತಲಲ್ಲಿ, ಅವಸರವಿಲ್ಲದೆ,
ಒಂದು ಎರಡಾಗುತ್ತದೆ. ಎರಡು ನಾಲ್ಕು.
ಬಸುರಿಯ ಬಾಯಿಗೆ ಬಿದ್ದರೆ
ತೊಟ್ಟಿಲು ಕಟ್ಟುವ ಮೊದಲೇ
ಕೂಸನ್ನು ಹುಡುಕಿಕೊಂಡು ಹೋಗುತ್ತದೆ.

ಹಿಂದಿನ ಭಾನುವಾರ ನಾನೂ ತಿಂದಿದ್ದೆ, ಅವನ ಮೇಜಿನಲ್ಲಿ.
ಮೊದಲ ಹೋಳು ನನಗೇ ಎಂದು ಅವನೇ ಕೊಯ್ದದ್ದು.
ಕಾರ, ಕಟು, ಕೊನೆಗೆ ಹುಲ್ಲಿನ ಸಿಹಿ.
ಇನ್ನೊಂದು ಕೇಳಿ ತಿಂದೆ.

ಶನಿವಾರ ಸಂಜೆ ತಟ್ಟೆಗಳನ್ನು ಬೆಳಕಿಗೆ ಹಿಡಿದೆ.
ಹದಿಮೂರರಲ್ಲಿ ಏನಿಲ್ಲ, ಕಪ್ಪೆಚಿಪ್ಪು ಬಚಾವು.
ಹನ್ನೊಂದರಲ್ಲೂ ಹನ್ನೆರಡರಲ್ಲೂ
ಹಸಿರು ಬೆರೆತ ನೀಲಿ ಚುಕ್ಕಿ, ಸುತ್ತ ಮಸುಕು ಬಳೆ,
ಬಿರುಗಾಳಿಯ ಹಿಂದಿನ ರಾತ್ರಿ
ಚಂದ್ರ ತೊಟ್ಟುಕೊಳ್ಳುವಂಥದ್ದು.
ಚೆಂದವಿತ್ತು. ಯಾರಿಗೆ ಹೇಳಲಿ ಅದನ್ನು?
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಲ್ಲ;
ಇನ್ನೊಂದು ತಟ್ಟೆ, ಮತ್ತೊಂದು ಪರೀಕ್ಷೆ,
ಅದೇ ಉತ್ತರ.

ಫೋನಿನಲ್ಲಿ ಅವನು ಬಹಳ ಹೊತ್ತು ಉಸಿರಾಡಿದ.
"ಹಸುವಿನದೋ, ನನ್ನ ಕೈಯದೋ?"
ಅಷ್ಟೇ ಕೇಳಿದ್ದು.

ಹತ್ತಿಯ ಕಡ್ಡಿಗಳನ್ನು ಕಟ್ಟಿಕೊಂಡು ಗುಡ್ಡ ಹತ್ತಿದೆ.
ಪೊಂಬಿನ್ಯಾಳ ಕೆಚ್ಚಲು ಒರೆಸಿದೆ, ಮಾವನ ಉಗುರಿನ ಸಂದಿ,
ನೆಲಮಾಳಿಗೆಯ ಹಲಗೆ, ಮೋರಿಯ ಬಾಯಿ.
ಒಂದರಲ್ಲೂ ಇಲ್ಲ.
ಸಿಕ್ಕಿದ್ದು ಒಂದು ಮರದ ಪೆಟ್ಟಿಗೆಯ ಬಿರುಕಿನಲ್ಲಿ:
ಹೋಗುವಾಗ ಚೀಸು, ಬರುವಾಗ ಬಂಗಡೆ,
ಎರಡೆರಡು ಪೆಟ್ಟಿಗೆ ಹೊರುವುದು ಯಾಕೆ ಎಂದು
ನನ್ನ ಅಪ್ಪನೇ ಮಾಡಿಕೊಟ್ಟದ್ದು.
ಅಡಿಗೆ ಅವನ ಉಳಿಯ ಗುರುತಿತ್ತು.

ಅರವತ್ತೆರಡು ಚಕ್ರ. ನೀಲಿ ಹೂವಿನ ಬೇಲಿಯಾಚೆ
ಹಳ್ಳ ತೋಡಿ ಸುಣ್ಣ ಸುರಿದೆವು.
ಒಂದೊಂದನ್ನೂ ಬೆರಳ ಗಂಟಿನಿಂದ ತಟ್ಟಿ,
ಕಿವಿಗೊಟ್ಟು, ಆಮೇಲೆ ಬಿಟ್ಟ.
"ಸದ್ದು ಸರಿಯಾಗಿಯೇ ಇದೆ," ಅಂದ.
ಸರಿಯಾಗಿಯೇ ಇತ್ತು.
ಹಸುಗಳು ಮೇಯುವುದು ಬಿಟ್ಟು ನೋಡುತ್ತಿದ್ದವು.

ನವೆಂಬರಿನಲ್ಲಿ ಹೊಸ ಹೋಳು ಬಂತು,
ದೋಣಿಯಲ್ಲಲ್ಲ, ಅವನೇ ತಂದ, ಅಂಗಿಯೊಳಗೆ ಇಟ್ಟುಕೊಂಡು.
ಕಾದೆ. ತಟ್ಟೆ ಖಾಲಿ.
"ಇಲ್ಲ ಮಾವ," ಅಂದೆ, "ಇಪ್ಪತ್ತೈದು ಗ್ರಾಮಿನಲ್ಲಿ ಇಲ್ಲ."
"ಉಳಿದದ್ದರಲ್ಲಿ?"
ಕಿಟಕಿಯಾಚೆ ಬಂಗಡೆಯ ದೋಣಿ
ಬಂದರಿಗೆ ತಿರುಗುತ್ತಿತ್ತು, ಹಿಂದೆ ಹಕ್ಕಿಗಳ ಗಲಾಟೆ.
ಅದನ್ನು ಯಾವ ತಟ್ಟೆಯೂ ಹೇಳುವುದಿಲ್ಲ, ಮಾವ.
ಚಾಕು ಎಲ್ಲಿ?