ಹದಿನೈದು ವರ್ಷದ ಇಂಕು

ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ
ಪಡುವಣ ಬಿಸಿಲು ಬಡಿಯುವ ಗಾಜಿಗೆ
ಸಂಕ್ರಾಂತಿಯಂದು ಒಂದೇ ಫೋಟೊ ಮೂರು ಸಲ ಅಂಟಿಸಿದೆ:
ಟೊಮೇಟೊ ಹಿಡಿದು ನಗುವ ನಮ್ಮಂಗಡಿ ಹುಡುಗ ಇಲಿಯಾಸ್.
ಅರ್ಧಕ್ಕೆ ರಟ್ಟು, ಅರ್ಧ ಬಿಸಿಲಿಗೆ.

ಬಾಟಲಿ ಇಂಕು ಯುಗಾದಿಗೇ ಸೋತಿತು.
ಕೆಂಪು ಮೊದಲು ಹೋಯಿತು,
ಹಣ್ಣು ಮರಳಿ ಕಾಯಾಯಿತು.
ಕಂಪನಿಯದು ದೀಪಾವಳಿವರೆಗೆ ತಡೆದು
ಆಮೇಲೆ ಕೆನ್ನೆ ಬಿಟ್ಟುಕೊಟ್ಟಿತು.
ಪಿಗ್ಮೆಂಟಿನದು ಮಾತ್ರ
ರಟ್ಟು ತೆಗೆದರೆ ಗಡಿಯೇ ಕಾಣದು.

ವೋಟರ್ ಕಾರ್ಡಿನೊಳಗಿನ ಗಂಡನನ್ನು
ದೊಡ್ಡದು ಮಾಡಿಸಲು ಬಂದ ಸಣ್ಣಗೌರಮ್ಮ
ಕನ್ನಡಕ ಎತ್ತಿ ಮೂರನ್ನೂ ನೋಡಿದರು.
‘ಇದೆಷ್ಟು ವರ್ಷ ಬರ್ತದೆ?’
‘ನೂರು ಅಂತಾರೆ.’
‘ನಂಗೀಗ ಅರವತ್ತೆಂಟು. ಹದಿನೈದು ವರ್ಷದ್ದು ಹಾಕಪ್ಪ,
ಮಿಕ್ಕಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡ್ಲಿ?’

ಹದಿನೈದರದು ನನ್ನಲ್ಲಿಲ್ಲ.
ಸುಮ್ಮನೆ ರಟ್ಟು ಮತ್ತೆ ಅಂಟಿಸಿದೆ.
ಇಲಿಯಾಸ್
ಕಾಯಿ ಹಿಡಿದೇ ನಗುತ್ತಿದ್ದ.