ನಲವತ್ತೊಂದು

ಪೊನ್ನಂಪೇಟೆ ಮೈದಾನದ ಪಡುವಣ ಗೇಟಿನಲ್ಲಿ
ಮಡಚುಕುರ್ಚಿ ಹಾಕಿಕೊಂಡು ಟಿಕೇಟು ಹರಿಯುವವಳು ನಾನು,
ಬೊಳ್ಳಮ್ಮ. ಕಾಲೇಜು ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ, ಈಗ ರಿಟೈರು.
ಇಪ್ಪತ್ತೆಂಟು ಡಿಸೆಂಬರು ಹರಿದಿದ್ದೇನೆ,
ಅರ್ಧ ಅವರಿಗೆ, ಅರ್ಧ ನನಗೆ.
ನನ್ನ ಅರ್ಧಗಳನ್ನು ತಂತಿಗೆ ಚುಚ್ಚಿ ಚುಚ್ಚಿ
ವರ್ಷಕ್ಕೊಂದು ಹಾರ.
ಈ ಸಲದ್ದು ಬಳೆಗೂ ಸಾಲದು.

ಪಂದ್ಯದ ಹೆಸರು ಕೇಳಬೇಡಿ.
ಮೊದಲು ಅದು ಬರೀ ಕಾಲೇಜು ಕಪ್ಪು.
ಆಮೇಲೆ ಗೊಬ್ಬರದ ಕಂಪನಿಯ ಕಪ್ಪು,
ಪೈಪಿನವರದ್ದು, ಹೋಂಸ್ಟೇಯವರದ್ದು,
ಈಗ ಚಿನ್ನದ ಮೇಲೆ ಸಾಲ ಕೊಡುವವರದ್ದು.
ಕಪ್ಪು ಮಾತ್ರ ಅದೇ. ಒಂದು ಹಿಡಿ ಅಲ್ಲಾಡುತ್ತದೆ.
ಬುಡದ ಪಟ್ಟಿ ಕಿತ್ತು ಕಿತ್ತು ಹೊಸದು ಅಂಟಿಸಿ
ಅಂಟಿನ ಮೇಲೆ ಅಂಟು ಕೂತು
ಕಪ್ಪು ಒಂದು ಬೆರಳು ಎತ್ತರವಾಗಿದೆ.

ಒಂದು ಕಾಲದಲ್ಲಿ ಕುಟ್ಟದಿಂದ, ಬಾಳೆಲೆಯಿಂದ, ಹುದಿಕೇರಿಯಿಂದ
ಜೀಪಿನ ಮಡ್ಗಾರ್ಡಿಗೂ ಜನ ಜೋತು ಬರುತ್ತಿದ್ದರು.
ಟಿಕೇಟು ಮುಗಿದು, ಆಫೀಸಿನ ಸೀಲು ತಂದು
ಅಂಗೈಗೇ ಒತ್ತಿ ಒಳಗೆ ಬಿಟ್ಟಿದ್ದೇನೆ.
ಸಿಲ್ವರ್ ಓಕ್ ಮರದ ಮೇಲಿದ್ದವರಿಗೆ ಮಾತ್ರ ಸೀಲಿಲ್ಲ.
ಕಾಫಿ ಕೊಯ್ಲು ಆಗಲೂ ಇತ್ತು, ಸ್ವಾಮಿ,
ಹಣ್ಣು ಒಂದು ದಿನ ಗಿಡದಲ್ಲೇ ಕಾಯುತ್ತಿತ್ತು.
ನನ್ನ ಗಂಡ ವಿರಾಜಪೇಟೆ ಕಾಲೇಜಿನವರು.
ನಾವು ಸೋತ ವಾರ ಮನೆಯಲ್ಲಿ ಕಡುಂಬುಟ್ಟು ಬೇಯಲಿಲ್ಲ,
ಅವರು ಸೋತ ವಾರ ಬೇಯಿಸಿದೆ, ಅವರು ಮುಟ್ಟಲಿಲ್ಲ.

ಇಂದು ನಮ್ಮ ಸೆಂಟರ್ ಫಾರ್ವರ್ಡ್ ಚಿಟ್ಟಿಯಪ್ಪನೇ ಬಂದಿಲ್ಲ.
ಮುಂದಿನ ವಾರ ರೈಲ್ವೆಯ ಆಯ್ಕೆಯಂತೆ,
ಮೊಣಕಾಲು ಜೋಪಾನ ಎಂದರಂತೆ.
ಬೈಯೋಣವೆಂದರೆ ಬಾಯಿ ಬರಲಿಲ್ಲ.
ಆ ಮೊಣಕಾಲಿಗೆ ಒಂದು ಮನೆ ಆತುಕೊಂಡಿದೆ.

ಅಧ್ಯಕ್ಷರು ಮೈಕಿನಲ್ಲಿ ನಿಷ್ಠೆ, ನಿಷ್ಠೆ ಎಂದರು
ನಾನೂರು ಖಾಲಿ ಮೆಟ್ಟಿಲುಗಳಿಗೆ,
ಹಾಫ್ ಟೈಮಿಗೆ ಕಾರು ಹತ್ತಿದರು.

ಗೋಡೆಯಾಚೆ ಸ್ಕೂಟರಿನ ಮೇಲೆ ಒಬ್ಬ ಹುಡುಗ
ಇದೇ ಪಂದ್ಯವನ್ನು ಫೋನಿನಲ್ಲಿ ನೋಡುತ್ತಿದ್ದ.
ನನ್ನ ಕಿವಿಗೆ ಗೋಲು ಬಿದ್ದು
ಒಂದು ಉಸಿರಿನ ಮೇಲೆ ಅವನ ಕಣ್ಣಿಗೆ ಬಿತ್ತು.
ಬಾ ಮಗ, ದುಡ್ಡು ಬೇಡ, ಒಳಗೆ ಕೂತು ನೋಡು ಎಂದೆ.
ಬೇಡ ಆಂಟಿ, ಇಲ್ಲೇ ಹತ್ತಿರ ಕಾಣುತ್ತೆ ಎಂದ.

ನಾನೇನು ದೊಡ್ಡ ನಿಷ್ಠಾವಂತೆ?
ಇಪ್ಪತ್ತೆಂಟು ವರ್ಷದಲ್ಲಿ ಒಂದು ಗೋಲನ್ನೂ ಕಣ್ಣಾರೆ ಕಂಡವಳಲ್ಲ.
ಗೇಟಿನ ಕುರ್ಚಿಗೆ ರಸ್ತೆಯೇ ಮುಖ, ಮೈದಾನ ಬೆನ್ನು.
ಕೋಲಿಗೆ ಚೆಂಡು ತಾಗುವ ಟಕ್ಕು,
ಆಮೇಲೆ ಜನರ ಗಂಟಲು,
ಅಷ್ಟರಲ್ಲೇ ಯಾರು ಗೆದ್ದರೆಂದು ಗೊತ್ತಾಗುತ್ತಿತ್ತು.
ಇಂದು ಟಕ್ಕು ಇದೆ, ಗಂಟಲಿಲ್ಲ.
ಏನಾಯಿತೆಂದು ತಿಳಿಯಲು
ತಿರುಗಿಯೇ ನೋಡಬೇಕು.

ಎಣಿಸಿದೆ. ನಲವತ್ತು.
ಅದರಲ್ಲಿ ಆರು ಜನ ಆಂಬುಲೆನ್ಸಿನವರು, ಚಹಾದವರು.
ಇನ್ನಾರೂ ಬರುವ ಧೂಳು ರಸ್ತೆಯಲ್ಲಿಲ್ಲ.
ಇಪ್ಪತ್ತು ರೂಪಾಯಿ ಡಬ್ಬಿಗೆ ಹಾಕಿ
ನಲವತ್ತೊಂದನೆಯದನ್ನು ನನಗೆ ನಾನೇ ಹರಿದೆ.
ಒಂದರ್ಧ ತಂತಿಗೆ, ಒಂದರ್ಧ ಸೆರಗಿನ ಗಂಟಿಗೆ.
ಕುರ್ಚಿ ಮಡಚಿದೆ.

ಮೂರನೆಯ ಮೆಟ್ಟಿಲು. ಸಿಮೆಂಟು ಬಿಸಿಯಿತ್ತು.
ಮೈದಾನ ಇಷ್ಟು ಹಸಿರೆಂದು ಯಾರೂ ಹೇಳಿರಲಿಲ್ಲ.
ಮೂರು ಸೊನ್ನೆ, ಸೊನ್ನೆ ನಮ್ಮದು, ಇನ್ನು ಎಂಟು ನಿಮಿಷ.
ನಮ್ಮವನೊಬ್ಬ ಬಿದ್ದು, ಚೆಂಡು ಬಿಡದೆ,
ಮಂಡಿಯೂರಿಕೊಂಡೇ ಎಳೆಯುತ್ತಿದ್ದ.
ಕೂಗಬೇಕೆನಿಸಿತು. ಹೆಸರು ಗೊತ್ತಿಲ್ಲ.
ಅಂಗಿಯ ಬೆನ್ನಿಗೆ ಚಿನ್ನದ ಸಾಲದವರ ಹೆಸರು,
ಅದರ ಕೆಳಗೆ ನಂಬರು.
ಏಳೂ! ಎಂದೆ. ಗಂಟಲು ಒಡೆದು ಎರಡಾಯಿತು.
ಏಳೋ, ಏಳೂ!
ಏಳನೆಯವನು ಎದ್ದ,
ಕೂಗಿದ್ದು ಯಾರೆಂದು ಬೆಚ್ಚಿ ತಿರುಗಿ ನೋಡಿದ,
ಚೆಂಡು ಕಳೆದುಕೊಂಡ.